ಮೂರನೆಯ ಕಂಬದ ಮೀನಿಗೆ ಯಾವ ಎರೆ

ಸಸ್ಕ್ವೆಹಾನ ಹೊಳೆಯಲ್ಲಿ ಬಾಸ್ ಎಂಬ ಮೀನು ಹಿಡಿಯುವವರು ದಡಕ್ಕೆ ಬರುವ ಮುಂಚೆ ಒಂದು ಕೆಲಸ ಮಾಡುತ್ತಾರೆ. ಆ ದಿನ ಮೀನು ಯಾವ ನಕಲಿ ಎರೆಯನ್ನು ಕಚ್ಚಿತೋ ಅದನ್ನು ದಾರದಿಂದ ಕತ್ತರಿಸಿ ಜೇಬಿಗೆ ಹಾಕಿಕೊಂಡು, ಮೀನು ಮೂಸಿಯೂ ನೋಡದ ಇನ್ನೊಂದನ್ನು ದಾರಕ್ಕೆ ಕಟ್ಟಿಕೊಂಡು ದೋಣಿಯಿಂದ ಇಳಿಯುತ್ತಾರೆ. ಕಟ್ಟೆಯ ಮೇಲಿದ್ದವರು ಅದನ್ನು ನೋಡಿ ಹೌದೌದು ಎಂದು ತಲೆಯಾಡಿಸಿ, ಒಂದಿಷ್ಟೂ ನಂಬದೆ ಮನೆಗೆ ಹೋಗುತ್ತಾರೆ. ಇದನ್ನು ಯಾರೂ ಸುಳ್ಳು ಎನ್ನುವುದಿಲ್ಲ. ಚರ್ಚಿನಲ್ಲಿ ಮುಂದಿನ ಬೆಂಚಿಗೆ ಕೂರುವವರೇ ಇದರಲ್ಲಿ ಹೆಚ್ಚು ಪಳಗಿದವರು.

ಅವರಿಗೆಲ್ಲ ಗುರು ಲೂಥರ್ ಹೆಕ್‌ಮನ್. ಊರಿನವರ ನಲ್ಲಿ ರಿಪೇರಿ ಮಾಡಿ ನಿವೃತ್ತನಾದವನು. ಇಪ್ಪತ್ತು ಇಂಚಿಗೆ ಕಡಿಮೆ ಇಲ್ಲದ ಬಾಸ್ ಹಿಡಿದವರ ಹೆಸರು ಕೆತ್ತುವ ಹಲಗೆಯೊಂದು ಮೀನು ಹಿಡಿಯುವವರ ಕ್ಲಬ್ಬಿನ ಗೋಡೆಯ ಮೇಲಿದೆ. ಅದರಲ್ಲಿ ಲೂಥರನ ಹೆಸರು ನಾಲ್ಕು ಸಲ ಇದೆ. ಅವನ ಪಕ್ಕದ ಮನೆಯ ಕ್ಷೌರಿಕ ವಿಲ್ಬರ್ ಸ್ಟಾಲ್‌ನ ಹೆಸರು ಒಂದು ಸಲವೂ ಇಲ್ಲ. ಮೂವತ್ತೊಂದು ವರ್ಷ ಗಾಳ ಹಾಕಿ ವಿಲ್ಬರ್ ಹಿಡಿದ ಅತಿ ದೊಡ್ಡ ಮೀನು ಹತ್ತೊಂಬತ್ತೂ ಮುಕ್ಕಾಲು ಇಂಚು. ಲೂಥರ್ ಹಸಿರು ಎರೆ ಎಂದರೆ ವಿಲ್ಬರ್ ಕೆಂಪು ಕಟ್ಟುತ್ತಿದ್ದ, ಆಳ ಎಂದರೆ ಮೇಲೆ ಹಾಕುತ್ತಿದ್ದ. ಅಷ್ಟು ದಿನದ ಗೆಳೆತನದಲ್ಲಿ ಅವನು ಕಲಿತ ಬುದ್ಧಿ ಅದೊಂದೇ.

ಈ ವರ್ಷ ವಿಲ್ಬರನ ಕಣ್ಣು ಕೈಕೊಡುತ್ತ ಬಂತು. ಆಗಸ್ಟಿನಲ್ಲಿ ಪಾದ್ರಿಯ ಕಿವಿಗೆ ಕತ್ತರಿ ತಾಗಿದ ಮೇಲೆ ಅವನು ಅಂಗಡಿ ಮುಚ್ಚಿದ. ಮುಂದಿನ ಬೇಸಿಗೆಯ ಹೊತ್ತಿಗೆ ಏನೂ ಕಾಣದು ಎಂದರು ಡಾಕ್ಟರು. ಅಕ್ಟೋಬರಿನ ಕೊನೆಯ ಶನಿವಾರ ತಾನು ಹೊಳೆಗೆ ಹೋಗುವುದೇ ಕಡೆಯದು ಎಂದು ವಿಲ್ಬರನೇ ತೀರ್ಮಾನಿಸಿದ.

ರೈಲು ಸೇತುವೆಯ ಮೂರನೆಯ ಕಂಬದ ಬುಡದಲ್ಲಿ ದೊಡ್ಡದೊಂದು ಮೀನು ನಿಲ್ಲುವುದು ಲೂಥರನಿಗೆ ಗೊತ್ತಿತ್ತು. ಕಲ್ಲಡಿಯ ಸಿಗಡಿಯಂತೆ ಕಾಣುವ ಕಂದು ಬಣ್ಣದ ರಬ್ಬರ್ ಟ್ಯೂಬಿನ ಎರೆಯನ್ನು ತಳದಲ್ಲಿ ನಿಧಾನ ಎಳೆದರೆ ಅದು ಕಚ್ಚುತ್ತದೆ ಎಂಬುದೂ ಗೊತ್ತಿತ್ತು. ಆ ಮೀನು ವಿಲ್ಬರನಿಗೇ ಸಿಗಬೇಕೆಂದು ಅವನು ಹಂಬಲಿಸಿದ. ಅದಕ್ಕಾಗಿ ಎರಡು ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ.

"ಕಂದು ಅಂದ್ರೆ ಅವನು ಬಿಳಿ ಕಟ್ತಾನೆ ಕಣೇ," ಎಂದ ಹೆಂಡತಿ ಅರ್ಲೀನಳಿಗೆ.

"ಹಂಗಾದ್ರೆ ಬಿಳಿ ಅನ್ನಿ. ಸುಳ್ಳು ಹೇಳೋದು ನಿಮಗೆ ಹೊಸದಾ?" ಎಂದಳು ಆಕೆ ಆಲೂಗಡ್ಡೆ ಸುಲಿಯುತ್ತ.

ಶುಕ್ರವಾರ ಲೂಥರ್ ವಿಲ್ಬರನ ಮುಚ್ಚಿದ ಅಂಗಡಿಗೆ ಹೋಗಿ ಕ್ಷೌರದ ಕುರ್ಚಿಯಲ್ಲಿ ಕೂತ. "ಮೂರನೇ ಕಂಬ. ಮರದಲ್ಲಿ ಕೆತ್ತಿದ ಆ ಬಿಳಿ ಮೀನಿನ ಎರೆ ಕಟ್ಟು. ನೀರಿನ ಮೇಲೆ ಜೋರಾಗಿ ಎಳಿ," ಎಂದ. ಹೇಳುವಾಗ ಗೋಡೆಗೆ ನೇತುಹಾಕಿದ ಕತ್ತರಿಗಳು ಕಣ್ಣಿಗೆ ಬಿದ್ದು ಅವನ ಧ್ವನಿ ನಡುಗಿತು.

ಶನಿವಾರ ಲೂಥರನೇ ಹುಟ್ಟು ಹಾಕಿ ದೋಣಿಯನ್ನು ಮೂರನೆಯ ಕಂಬದ ಹತ್ತಿರ ನಿಲ್ಲಿಸಿದ. ವಿಲ್ಬರ್ ಡಬ್ಬಿ ತೆಗೆದು, ದಾರವನ್ನು ಮೂಗಿನ ಹತ್ತಿರ ಹಿಡಿದು, ಬಿಳಿ ಮರದ ಮೀನನ್ನು ಕಟ್ಟಿದ.

"ಅದ್ಯಾಕೋ ಅದು?" ಎಂದ ಲೂಥರ್.

"ನೀನೇ ಹೇಳಿದ್ದಲ್ವಾ ಮಾರಾಯ. ನಿನ್ನೆ ನಿನ್ನ ಧ್ವನಿ ನಡುಗಿತು. ಮೂವತ್ತೊಂದು ವರ್ಷದಲ್ಲಿ ಇವನು ಮೊದಲನೇ ಸಲ ನಿಜ ಹೇಳ್ತಿದಾನೆ ಅಂತ ಗೊತ್ತಾಗೋಯ್ತು."

ಬಿಳಿ ಮೀನು ಬುಳುಬುಳು ಎನ್ನುತ್ತ ಹೋಯಿತು, ಬಂತು. ಒಂದು ಗಂಟೆ ಕಳೆಯಿತು. ವಿಲ್ಬರನ ಮುಖದಲ್ಲಿ ಎಂದೂ ಇಲ್ಲದ ನೆಮ್ಮದಿ. ಅದನ್ನು ನೋಡಲಾಗದೆ ಲೂಥರ್ ಉಪ್ಪು ಬಿಸ್ಕತ್ತಿನ ಪೊಟ್ಟಣವನ್ನು ಒಬ್ಬನೇ ಮುಗಿಸಿದ. ಕೊನೆಗೆ ತಡೆಯಲಾರದೆ ಹೇಳಿದ: "ವಿಲ್ಬರ್, ನಿನ್ನೆ ಹೇಳಿದ್ದು ಸುಳ್ಳು. ನೀನು ಉಲ್ಟಾ ಮಾಡ್ತೀಯ ಅಂತ ಹೇಳ್ದೆ. ಕಂದು ಟ್ಯೂಬ್ ಕಟ್ಟು. ತಳಕ್ಕೆ ಬಿಡು."

ವಿಲ್ಬರ್ ದೋಣಿ ಅಲುಗಾಡುವಂತೆ ನಕ್ಕ. "ನೋಡಿದ್ಯಾ! ಗುಟ್ಟು ಬಿಟ್ಟುಕೊಟ್ಟು ಈಗ ಹೊಟ್ಟೆ ಉರೀತಿದೆ. ವಾಪಸ್ ಕಿತ್ಕೊಳ್ಳೋಕೆ ನೋಡ್ತಿದೀಯ."

"ದೇವರಾಣೆ ಕಣೋ!"

"ಆಣೆ ಬೇರೆ! ಹಂಗಾದ್ರೆ ಖಂಡಿತ ಬಿಳೀನೇ."

ಇನ್ನು ಕಣ್ಣಿಗೆ ತೋರಿಸದೆ ಬೇರೆ ದಾರಿ ಇರಲಿಲ್ಲ. ಚಿಕ್ಕದೊಂದು ಮೀನು ಸಿಕ್ಕರೂ ಸಾಕು, ಇವನು ನಂಬುತ್ತಾನೆ ಎಂದುಕೊಂಡು ಲೂಥರ್ ತನ್ನ ಗಾಳದ ಕೋಲಿಗೆ ಕಂದು ಟ್ಯೂಬ್ ಕಟ್ಟಿದ. ದೊಡ್ಡ ಮೀನು ವಿಲ್ಬರನಿಗೇ ಉಳಿಯಲೆಂದು ಕಂಬದ ಬುಡ ಬಿಟ್ಟು ಬೇಕೆಂದೇ ಎರಡು ಮಾರು ಆಚೆ ಎಸೆದ. ಟ್ಯೂಬ್ ತಳ ಮುಟ್ಟುವ ಮೊದಲೇ ಕೋಲು ಬಿಲ್ಲಿನಂತೆ ಬಾಗಿತು. ಅದೇ ಮೀನು.

"ಹಿಡ್ಕೋ! ಹಿಡ್ಕೊಳೋ!" ಲೂಥರ್ ಕೋಲನ್ನು ವಿಲ್ಬರನ ಎದೆಗೆ ಒತ್ತಿದ.

ವಿಲ್ಬರ್ ಕೈ ಹಿಂದಕ್ಕೆ ತೆಗೆದುಕೊಂಡ. "ಯಾರ ಎರೆ ಕಚ್ತೋ ಮೀನು ಅವರದ್ದು."

ಮೀನು ದೋಣಿಯ ಪಕ್ಕಕ್ಕೆ ಬಂತು. ಕಂಚಿನ ಬಣ್ಣ, ಕೆಂಪು ಕಣ್ಣು. ಇಪ್ಪತ್ತೊಂದು ಇಂಚು ಇದ್ದೇ ಇತ್ತು. ವಿಲ್ಬರ್ ಬಗ್ಗಿ, ತಲೆ ವಾರೆ ಮಾಡಿ, ಇನ್ನೂ ಉಳಿದಿದ್ದ ದೃಷ್ಟಿಯಲ್ಲಿ ಅದನ್ನೇ ನೋಡಿದ. ಅದರ ಬಾಯಲ್ಲಿದ್ದ ಕಂದು ಟ್ಯೂಬನ್ನು ಬೆರಳಲ್ಲಿ ಮುಟ್ಟಿದ. ಲೂಥರ್ ಅಳತೆಪಟ್ಟಿ ತೆಗೆಯಲಿಲ್ಲ. ಗಾಳ ಬಿಡಿಸಿ ಮೀನನ್ನು ನೀರಿಗೆ ಬಿಟ್ಟುಬಿಟ್ಟ. ಜೀವನದಲ್ಲಿ ಯಾವ ಮೀನನ್ನು ಹಿಡಿದಾಗಲೂ ಅವನಿಗೆ ಇಷ್ಟು ಸಂಕಟವಾಗಿರಲಿಲ್ಲ.

ವಿಲ್ಬರ್ ಬಿಳಿ ಮೀನನ್ನು ಕತ್ತರಿಸಿ ತೆಗೆದು, ತನ್ನ ದಾರವನ್ನು ಮುಂದೆ ಚಾಚಿದ. "ಕಟ್ಟಿಕೊಡು. ಗಂಟು ಕಾಣಲ್ಲ ನಂಗೆ."

ಲೂಥರ್ ಕಂದು ಟ್ಯೂಬ್ ಕಟ್ಟಿಕೊಟ್ಟ.

"ಅದು ಮತ್ತೆ ಕಚ್ಚುತ್ತೇನೋ?" ಎಂದ ವಿಲ್ಬರ್.

ಒಮ್ಮೆ ಗಾಳ ತಿಂದ ಬಾಸ್ ಅದೇ ದಿನ ಮತ್ತೆ ಬಾಯಿ ಹಾಕುವುದಿಲ್ಲ. ಹೊಳೆಯ ದಡದಲ್ಲಿ ಹುಟ್ಟಿದ ಯಾರಿಗಾದರೂ ಅದು ಗೊತ್ತು. ವಿಲ್ಬರನಿಗೂ ಗೊತ್ತಿತ್ತು.

"ಕಚ್ಚುತ್ತೆ," ಎಂದ ಲೂಥರ್.

"ಸರಿ ಹಂಗಾದ್ರೆ," ಎಂದು ವಿಲ್ಬರ್ ಗಾಳ ಎಸೆದ.