ಬೆನ್ನ ಹಿಂದಿನ ಕೂಗು

ಹಳೆ ಬಾಗಲಕೋಟೆಯ ಮಂದಿಗೆ ಮೂರು ಥರದ ನೀರು ಗೊತ್ತು. ನಳದ ನೀರು, ಕಣ್ಣೀರು, ಹಿನ್ನೀರು. ಮೊದಲನೆಯದು ಕರೆದರೂ ಬರುವುದಿಲ್ಲ. ಎರಡನೆಯದು ಕರೆಯದೆ ಬರುತ್ತದೆ. ಮೂರನೆಯದು ಒಮ್ಮೆ ಬಂದದ್ದು ಪೂರಾ ಹೋಗುವುದೇ ಇಲ್ಲ. ಬೇಸಿಗೆಯಲ್ಲಿ ಒಂದಿಷ್ಟು ಹಿಂದೆ ಸರಿದು, ಮುಳುಗಿದ ಓಣಿಗಳ ಪಾಯಾ ತೋರಿಸಿ, ಮಳೆಗಾಲಕ್ಕೆ ಮತ್ತೆ ಹೊದಿಕೆ ಎಳೆದುಕೊಳ್ಳುತ್ತದೆ. ಅಂಥ ಒಂದು ಓಣಿಯ ಮೇಲಿನ ತುದಿಯಲ್ಲಿ, ನೀರು ಮುಟ್ಟದೆ ಬಿಟ್ಟ ಕಟ್ಟಡದಲ್ಲಿ ದಿಕ್ಕಿಲ್ಲದ ಹುಡುಗಿಯರನ್ನು ಸಾಕುವ ಮಕ್ಕಳ ಮನೆ ಇತ್ತು. ಹತ್ತು ಹನ್ನೊಂದು ಹುಡುಗಿಯರು, ಒಂದು ಆಡು, ಎಲ್ಲರನ್ನೂ ಸೇರಿಸಿ ಮೇಯಿಸಲು ಗುರುಲಿಂಗವ್ವ.

ಅಲ್ಲಿ ಕೆಲಸವೆಲ್ಲ ಜೋಡಿಯಲ್ಲಿ. ದೊಡ್ಡವಳಿಗೊಬ್ಬಳು ಸಣ್ಣವಳು ಗಂಟು. ಸಣ್ಣವಳು ಮಾಡಿದ್ದಕ್ಕೂ ಮಾಡದ್ದಕ್ಕೂ ದೊಡ್ಡವಳೇ ಉತ್ತರ ಕೊಡಬೇಕು. ರವಿವಾರ ಬಂತೆಂದರೆ ಗುರುಲಿಂಗವ್ವ ವಾರಕ್ಕಾಗುವಷ್ಟು ಕಟಕ ರೊಟ್ಟಿ ಬಡಿಯಲು ಕೂರುತ್ತಿದ್ದಳು. ಒಲೆಯ ಕಡೆ ಮುಖ, ಬಾಗಿಲಿಗೆ ಬೆನ್ನು. ಏಳುವ ಹಾಗಿಲ್ಲ, ತಿರುಗುವ ಹಾಗಿಲ್ಲ. ಕಣ್ಣು ಹೊಳ್ಳಿದರೆ ರೊಟ್ಟಿ ಹೊತ್ತುತ್ತದೆ. ಹಾಗಾಗಿ ಹುಡುಗಿಯರು ಒಬ್ಬೊಬ್ಬರೇ ಅಡುಗೆಮನೆ ಬಾಗಿಲಿಗೆ ಬಂದು, ಹೆಸರು ಹೇಳಿ, ಮುಗಿಸಿದ ಕೆಲಸ ಕೂಗಬೇಕು.

"ಜರೀನಾ. ಕಸಾ ಹೊಡದೇನ್ರಿ."

"ಮೂಲ್ಯಾಗಿಂದ?"

"ಮೂಲ್ಯಾಗಿಂದೂ ಹೊಡದೇನ್ರಿ."

"ಹೂಂ." ತಪ್ ತಪ್ ತಪ್.

ಯಾರು ಇದ್ದಾರೆ, ಯಾರಿಲ್ಲ, ಯಾರಿಗೆ ನೆಗಡಿ, ಯಾರು ಅತ್ತಿದ್ದಾರೆ, ಎಲ್ಲ ಗುರುಲಿಂಗವ್ವನಿಗೆ ಧ್ವನಿಯಲ್ಲೇ ತಿಳಿಯುತ್ತಿತ್ತು. ಬೆನ್ನಿಗೆ ಕಿವಿ ಇದ್ದವಳು ಅವಳು. ಆ ಕಿವಿಯನ್ನು ಏಮಾರಿಸಬಲ್ಲವಳು ಮನೆಯಲ್ಲಿ ಒಬ್ಬಳೇ: ಎಂಟನೆಯ ಇಯತ್ತೆಯಲ್ಲಿ ಓದುವ ಆಫ್ರೀನ.

ಆಫ್ರೀನಳ ಗಂಟಲೊಳಗೆ ಒಂದು ಬಸ್‌ಸ್ಟ್ಯಾಂಡೇ ಇತ್ತು. "ಶಿರೂರ, ಗುಳೇದಗುಡ್ಡ, ಬದಾಮೀ! ಒಳಗ ಸರೀರಿ, ಒಳಗ ಜಾಗಾ ಐತಿ, ನೀವ ಒಳಗ ಇಲ್ಲ!" ಎಂದು ಕಂಡಕ್ಟರ್ ಆಗುತ್ತಿದ್ದಳು. ಸಾಲಿಯ ದೊಡ್ಡ ಅಕ್ಕೋರು ಆಗುತ್ತಿದ್ದಳು, ಕೆಟ್ಟ ಮಿಕ್ಸರ್ ಆಗುತ್ತಿದ್ದಳು. ಒಮ್ಮೆ "ಹಾವ್ ರೀ! ಅವ್ವಾರ, ಹಾವು!" ಎಂದು ಅವಳು ಚೀರಿದ್ದಕ್ಕೆ ಗುರುಲಿಂಗವ್ವ ಇಡೀ ಮನೆಯನ್ನು ಹೊರಗೆ ಓಡಿಸಿ, ತಾನು ಒನಕೆ ಹಿಡಿದು ಒಳಗೆ ನಿಂತಿದ್ದಳು. ಹಾವು ಇರಲಿಲ್ಲ. ಅವತ್ತಿನಿಂದ ಗುರುಲಿಂಗವ್ವನದು ಒಂದೇ ಮಾತು: "ನಿನ್ನ ಬಾಯಾಗಿಂದ ಬಂದದ್ದನ್ನ ನಾ ಎರಡ ಸಲ ಜರಡಿ ಹಿಡೀತೇನಿ."

ಆಫ್ರೀನಳ ಜೋಡಿ ಶೀಲಾ. ಎಂಟು ವರ್ಷದ ಹುಡುಗಿ. ಆಡಿನ ಪಾಲನೆ ಅವಳ ಕೆಲಸ. ಆಡಿಗೆ ಅವಳು ಮುನ್ನಿ ಎಂದು ಹೆಸರಿಟ್ಟಿದ್ದಳು. ಶೀಲಾ ಎರಡು ಸಲ ಹೇಳದೆ ಕೇಳದೆ ಹೊರಗೆ ಹೋಗಿ ಸಿಕ್ಕಿಬಿದ್ದಿದ್ದಳು. ಎರಡನೆಯ ಸಲ ಮಕ್ಕಳ ಕಲ್ಯಾಣ ಸಮಿತಿಯವರೇ ಬಂದು ಗುರುಲಿಂಗವ್ವನ ಮುಂದೆ ಹೇಳಿ ಹೋಗಿದ್ದರು: ಇನ್ನೊಂದು ಸಲ ಹೀಗಾದರೆ ಈಕೆಯನ್ನು ಇಲ್ಲಿ ಇಡಲಾಗದು, ಬೇರೆ ಜಿಲ್ಲೆಯಲ್ಲಿ ಕಂಪೌಂಡು, ಗೇಟು ಇರುವ ದೊಡ್ಡ ಮನೆಗೆ ಕಳಿಸುತ್ತೇವೆ. ಅಂದಿನಿಂದ ಗೇಟು ಎಂಬ ಮಾತು ಕೇಳಿದರೆ ಸಾಕು, ಶೀಲಾ ಆಫ್ರೀನಳ ಚುನ್ನಿಯ ತುದಿ ಹಿಡಿದುಕೊಳ್ಳುತ್ತಿದ್ದಳು.

ಆ ರವಿವಾರ ಮುಂಜಾನೆ ಕೂಡ ಚುನ್ನಿ ಎಳೆದಳು.

"ಅಕ್ಕಾ, ಮುನ್ನಿ ಹೊಟ್ಟ ಮೂಸೂದೂ ಇಲ್ಲ. ನೀರಿನ ಕಡೆ ಹಸೇ ಹುಲ್ಲ ಎದ್ದೈತಿ. ಮೇಯಿಸಿಕೊಂಡ ಲಗೂನ ಹೊಳ್ಳಿ ಬರ್ತೇನಿ."

"ಅವ್ವಾರನ್ನ ಕೇಳು."

"ಕೇಳಿದರ ಬ್ಯಾಡ ಅಂತಾರ. ನೀ ನನ್ನ ಧ್ವನಿ ತಗೀತೀ ಅಲ್ಲಾ? ಹೋದ ವಾರ ನಾ ಮಲಗಿದ್ದಾಗ ತಗದಿದ್ದಿ. ಗೊತ್ತ ಆಗಲಿಲ್ಲ ಅವರಿಗೆ."

ಹೊಗಳಿಕೆ ಎಂಬುದು ಕಲಾವಿದರಿಗೆ ಹಸಿ ಹುಲ್ಲು. ಆಫ್ರೀನ ಮೇದುಬಿಟ್ಟಳು.

"ಹೋಗಿ ಬಾ. ನೀರ ಹತ್ರ ಇಳೀಬ್ಯಾಡ ಮತ್ತ."

ಸ್ವಲ್ಪ ಹೊತ್ತಿಗೆ ಅಡುಗೆಮನೆ ಬಾಗಿಲಲ್ಲಿ ನಿಂತು, ಮೂಗಿನಲ್ಲಿ ಅರ್ಧ, ಗಂಟಲಲ್ಲಿ ಅರ್ಧ, ಕೊನೆಯ ಅಕ್ಷರ ನುಂಗುವ ಶೀಲಾಳ ರಾಗದಲ್ಲಿ ಕೂಗಿದಳು: "ಶೀಲಾ. ಆಡ ಮೇಯಿಸಿ ಕಟ್ಟೇನ್ರೀ."

"ಗಟ್ಟಿ ಕಟ್ಟೀಯೇನ?"

"ಗಟ್ಟಿ ಕಟ್ಟೇನ್ರೀ."

"ಹೂಂ. ಕೈ ತೊಳಕೋ." ತಪ್ ತಪ್.

ಆಫ್ರೀನ ಚುನ್ನಿಯನ್ನು ಬಾಯಿಗೆ ತುರುಕಿಕೊಂಡು ನಗುತ್ತ ಅಂಗಳಕ್ಕೆ ಬಂದಳು. ಹಾಸಿಗೆ ಕೊಡವಿದಳು, ಹಿರಿಯ ಹುಡುಗಿಯರ ಜೊತೆ ಅರಿವೆ ಹಿಂಡಿದಳು. ಬಿಸಿಲು ಗೋಡೆಯಿಂದ ಇಳಿದು ಅಂಗಳದ ನಡುವಿಗೆ ಬಂದಾಗ ಜರೀನಾ ಕೂಗಿದಳು: "ಆಫ್ರೀನ, ನಿಮ್ಮ ಮುನ್ನಿ ನೋಡ ಹ್ಯಾಂಗ ಬಂದೈತಿ!"

ಆಡು ಒಂದೇ ಬಂದಿತ್ತು. ಹೊಟ್ಟೆಯವರೆಗೂ ಕಪ್ಪು ಕೆಸರು. ಕೊರಳ ಹಗ್ಗ ತೊಯ್ದು ನೆಲದ ಮೇಲೆ ಗೆರೆ ಎಳೆಯುತ್ತಿತ್ತು. ಅದು ಬಂದ ದಾರಿಯನ್ನು ಆಫ್ರೀನ ಓಣಿಯುದ್ದಕ್ಕೂ ನೋಡಿದಳು. ದಾರಿಯ ಮೇಲೆ ಯಾರೂ ಇರಲಿಲ್ಲ.

"ಶೀಲಾ ಎಲ್ಲಿ?" ಎಂದಳು ಜರೀನಾ. "ಆಗಲೇ ಕೂಗಿದ್ದು ಕೇಳಿದೆ."

ಆಫ್ರೀನ ಆಡಿನ ತೊಯ್ದ ಹಗ್ಗ ಹಿಡಿದಳು. ಇಡೀ ಮನೆಯ ಲೆಕ್ಕದಲ್ಲಿ ಶೀಲಾ ಮನೆಯಲ್ಲಿದ್ದಾಳೆ. ಕೆಲಸ ಮುಗಿಸಿದ್ದಾಳೆ, ಕೈ ತೊಳೆದಿದ್ದಾಳೆ. ಯಾರೂ ಅವಳನ್ನು ಹುಡುಕುವುದಿಲ್ಲ. ಅವಳು ಇಲ್ಲ ಎಂದು ಈ ಊರಿನಲ್ಲಿ ಗೊತ್ತಿರುವುದು ತನಗೊಬ್ಬಳಿಗೆ. ಹೇಳಿದರೆ ಶೀಲಾ ದೊಡ್ಡ ಮನೆಗೆ. ಹೇಳದಿದ್ದರೆ? ಆ ಪ್ರಶ್ನೆಯ ಆಚೆ ನೀರು ಮಾತ್ರ ಕಂಡಿತು.

ಅಡುಗೆಮನೆಗೆ ಓಡಿದಳು.

"ಅವ್ವಾರ, ಶೀಲಾ ಇಲ್ರಿ."

"ಆಗಲೇ ಕೂಗಿ ಹೋದ್ಳಲ್ಲ."

"ಇಲ್ರಿ ಅವ್ವಾರ, ನೀರಿನ ಕಡೆ ಹೋಗ್ಯಾಳ್ರಿ. ಆಡ ಒಂದ ಬಂದೈತ್ರಿ."

"ಹೂಂ. ಹಾವು ಬಂದಿತ್ತು, ಈಗ ಆಡು ಬಂತು. ನಾಳೆ ಆನಿ ಬರಲಿ." ಬೆನ್ನು ಅಲುಗಲಿಲ್ಲ. "ರೊಟ್ಟಿ ಇನ್ನಾ ಭಾಳ ಅದಾವ. ನಾಟಕಾ ಸಂಜಿಗೆ ಮಾಡು."

"ಖರೇ ಹೇಳತೇನ್ರಿ! ಅಲ್ಲಾನ ಆಣೀ ರೀ!"

"ಆಣೀ ಹಾಕಬ್ಯಾಡ. ನನ್ನ ಕಿವೀಲೆ ಕೇಳೇನಿ ನಾ. ಶೀಲಾನ ಧ್ವನಿ ನನಗ ಗೊತ್ತ ಇಲ್ಲೇನ?"

ಆಫ್ರೀನ ಬಾಗಿಲ ಚೌಕಟ್ಟು ಹಿಡಿದಳು. ಇನ್ನೊಂದೇ ದಾರಿ ಇತ್ತು. ಒಳಗೆ ಹೋಗಿ, ಒಲೆಯ ಪಕ್ಕಕ್ಕೆ, ಗುರುಲಿಂಗವ್ವನ ಕಣ್ಣೆದುರು ಕೂತಳು. ಬಾಯಿ ತೆರೆದಳು.

"ಶೀಲಾ. ಆಡ ಮೇಯಿಸಿ ಕಟ್ಟೇನ್ರೀ."

ರೊಟ್ಟಿಯ ಮೇಲೆ ಎತ್ತಿದ ಅಂಗೈ ಅಲ್ಲೇ ನಿಂತಿತು. ಇಲ್ಲದ ಹುಡುಗಿ ಇದ್ದ ಹುಡುಗಿಯ ಬಾಯಿಂದ ಮಾತಾಡಿದ್ದನ್ನು ಗುರುಲಿಂಗವ್ವ ನೋಡಿದಳು. ಹಂಚಿನ ಮೇಲಿನ ರೊಟ್ಟಿಯ ಅಂಚು ಕಪ್ಪಾಗಿ ಹೊಗೆ ಎದ್ದಿತು. ಅವಳು ಅದನ್ನು ತಿರುವಿ ಹಾಕಲಿಲ್ಲ.

"ಗಟ್ಟಿ ಕಟ್ಟೇನ್ರೀ," ಎಂದಳು ಆಫ್ರೀನ, ಅದೇ ಧ್ವನಿಯಲ್ಲಿ, ಅಳುತ್ತ.

"ಯವ್ವಾ!" ಗುರುಲಿಂಗವ್ವ ಎದ್ದಳು. ಹಿಟ್ಟಿನ ಕೈಯಲ್ಲೇ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಜರೀನಾ! ಒಲಿ ಆರಸು, ಬಾಗಲಾ ಹಾಕು, ಒಬ್ಬರೂ ಹೊರಗ ಬರಬ್ಯಾಡ್ರಿ! ನೀ ನಡಿ ಮುಂದ!"

ಓಣಿ ಇಳಿಜಾರಾಗಿ ಸಾಗಿ, ಹಳೆ ಡಾಂಬರು ಬಿರುಕುಬಿಟ್ಟು, ಆಮೇಲೆ ರಸ್ತೆ ನೇರ ಕೆಸರಿನೊಳಗೆ ನಡೆದುಹೋಗುತ್ತಿತ್ತು, ಆಚೆ ಮನೆಗಳು ಇನ್ನೂ ಇವೆ ಎಂಬಂತೆ. ಎರಡೂ ಕಡೆ ಜಾಲಿಗಿಡ. ನಡುವೆ ಕುಸಿದ ಗೋಡೆಗಳು. ಆಚೆಗೆ ಬಿಸಿಲಿಗೆ ತಗಡಿನಂತೆ ಹೊಳೆಯುವ ನೀರು. ಎಲ್ಲೂ ಅಲುಗಾಟವಿಲ್ಲ.

"ಶೀಲಾ! ಏ ಶೀಲಾ!" ಗುರುಲಿಂಗವ್ವನ ಕೂಗಿಗೆ ಬೆಳ್ಳಕ್ಕಿಗಳು ಎದ್ದು ಹೋದವು. ಉತ್ತರ ಬರಲಿಲ್ಲ.

ಆಫ್ರೀನ ಕೂಗಿದಳು. ಯಾರೋ ಮುದುಕಿಯ ಧ್ವನಿ ಬಂತು. ಅಷ್ಟು ಮಂದಿಯ ಧ್ವನಿ ತೆಗೆಯುವವಳಿಗೆ ತನ್ನದೇ ಸಿಗಲಿಲ್ಲ.

ದಂಡೆಯ ಮೇಲೆ ಹರಗೋಲು ಬೋರಲು ಹಾಕಿ ಬಲೆ ಬಿಡಿಸುತ್ತಿದ್ದ ಮೀನು ಹಿಡಿಯುವ ಖಾದರಬಾಷಾ ಎದ್ದು ಓಡಿಬಂದ.

"ಏನಾತ್ರಿ ಅಕ್ಕಾರ?"

"ನಮ್ಮ ಹುಡಿಗಿ ನೋಡಿದ್ಯೇನೋ ಯಣ್ಣಾ? ಸಣ್ಣಾಕಿ, ಆಡ ಹಿಡಕೊಂಡ ಬಂದಾಕಿ?"

"ನಾ ಈಗ ಬಂದೇನ್ರಿ. ಆಡಿನ ಹೆಜ್ಜಿ ನೋಡಿದೆ, ಅಲ್ಲೆ." ಅವನು ತೋರಿಸಿದ ಕಡೆ ಗುರುಲಿಂಗವ್ವ ನುಗ್ಗಿದ್ದಳು. ಅವನು ಅಡ್ಡ ಬಂದು ರಟ್ಟೆ ಹಿಡಿದ. "ಇಳೀಬ್ಯಾಡ್ರಿ! ಮ್ಯಾಗ ಹಪ್ಪಳ, ಕೆಳಗ ಅಂಬಲಿ. ಇಡೀ ಎಮ್ಮೀನ ನುಂಗತೈತಿ ಇದು."

ಒಣಗಿ ಬಿರಿದ ಕೆಸರಿನ ಮೇಲೆ ಆಡಿನ ಗೊರಸುಗಳು ಹೋಗಿದ್ದವು. ಪಕ್ಕದಲ್ಲಿ ಸಣ್ಣ ಬರಿಗಾಲು. ಒಂದು ಜಾಗದಿಂದ ಮುಂದೆ ಗೊರಸುಗಳು ಹೊಳ್ಳಿ ಬಂದಿದ್ದವು. ಬರಿಗಾಲು ಒಂದು ಮೋಟುಗೋಡೆಯ ಹಿಂದೆ ಹೋಗಿತ್ತು, ಹೊಳ್ಳಿ ಬಂದಿರಲಿಲ್ಲ.

"ಶೀಲಾ! ನಾ ಅದೇನಿ, ಗುರುಲಿಂಗವ್ವ! ಮಾತಾಡ!"

ಕೆಸರಿನಲ್ಲಿ ಎಲ್ಲೋ ಒಂದು ಗುಳ್ಳೆ ಒಡೆದ ಸದ್ದು.

ಅಷ್ಟರಲ್ಲಿ ಆಫ್ರೀನಳಿಗೆ ಅರಿವಾಯಿತು. ಶೀಲಾ ಇನ್ನೂ ಇದ್ದರೆ, ಕೇಳುತ್ತಿದ್ದರೆ, ಉತ್ತರ ಕೊಡುವುದಿಲ್ಲ. ಕೊಟ್ಟರೆ ಸಿಕ್ಕಿಬಿದ್ದಂತೆ. ಮೂರನೆಯ ಸಲ.

"ಅವ್ವಾರ, ಆಕಿ ನಿಮಗ ಅಂಜ್ಯಾಳ್ರಿ. ದೊಡ್ಡ ಮನಿಗೆ ಕಳಸ್ತೀರಿ ಅಂತ. ಅದಕ್ಕ ಸುಮ್ಮ ಅದಾಳ್ರಿ."

ಗುರುಲಿಂಗವ್ವ ಅವಳನ್ನೇ ದಿಟ್ಟಿಸಿದಳು. ತನಗೆ ಹೆದರಿ ಒಂದು ಕೂಸು ಮಾತಿಲ್ಲದೆ ಕೆಸರಿಗೆ ಇಳಿಯುತ್ತಿದೆ ಎಂಬುದು ಅವಳ ತಲೆಗೆ ಹೋಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಎರಡೂ ಕೈ ಬಾಯಿಗೆ ಕಟ್ಟಿ ಕೂಗಿದಳು:

"ಯವ್ವಾ ಶೀಲಾ! ನಿನ್ನ ಎಲ್ಲೂ ಕಳಸೂದಿಲ್ಲ! ನಾ ಕಳಸಗೊಡೂದಿಲ್ಲ! ಕೇಳಿತೇನ?"

ಗಾಳಿ ಜಾಲಿಯೊಳಗೆ ಹಾದುಹೋಯಿತು.

"ಖರೇನ್ರೀ?"

ಮೂಗಿನಲ್ಲಿ ಅರ್ಧ, ಗಂಟಲಲ್ಲಿ ಅರ್ಧ. ಕೊನೆಯ ಅಕ್ಷರ ನುಂಗಿ.

ಗುರುಲಿಂಗವ್ವ ಸರ್ರನೆ ತಿರುಗಿ ಆಫ್ರೀನಳ ಬಾಯಿ ನೋಡಿದಳು. ಆಫ್ರೀನ ಎರಡೂ ಅಂಗೈಯಿಂದ ಬಾಯಿ ಮುಚ್ಚಿಕೊಂಡಿದ್ದಳು.

"ಖರೇನ್ರೀ ಅವ್ವಾರ?" ಮೋಟುಗೋಡೆಯ ಹಿಂದಿನಿಂದ.

"ಖರೆ! ಖರೆ! ನನ್ನ ಲಿಂಗದ ಆಣಿ ಖರೆ! ಅಲುಗಬ್ಯಾಡವ್ವಾ!"

ಖಾದರಬಾಷಾ ಆಗಲೇ ಹರಗೋಲನ್ನು ಹೊರಳಿಸಿ ಕೆಸರಿಗೆ ತಳ್ಳಿದ್ದ. ಬಲೆಯ ಹಗ್ಗವನ್ನು ಅದಕ್ಕೆ ಬಿಗಿದು ಇನ್ನೊಂದು ತುದಿಯನ್ನು ಇವರ ಕೈಗೆ ಕೊಟ್ಟ. "ನಾ ಅಂದಾಗ ಎಳೀರಿ. ಅಲ್ಲೀತನಾ ಎಳೀಬ್ಯಾಡ್ರಿ." ಹರಗೋಲಿನೊಳಗೆ ಬೋರಲು ಮಲಗಿ, ಎರಡೂ ಕೈಯಿಂದ ಕೆಸರನ್ನು ಹಿಂದಕ್ಕೆ ನೂಕುತ್ತ, ಇಂಚಿಂಚೇ ಜಾರಿಕೊಂಡು ಗೋಡೆಯ ಆಚೆ ಮರೆಯಾದ. ಮುಂದೆ ಕಣ್ಣಿಗೆ ಕಂಡದ್ದು ಹಗ್ಗ ಮಾತ್ರ. ಅದು ಒಮ್ಮೆ ಬಿಗಿಯಿತು. ಸಡಿಲಾಯಿತು. ಮತ್ತೆ ಬಿಗಿಯಿತು. ಆಚೆಯಿಂದ ಅವನ ಮಾತು ಬರುತ್ತಿತ್ತು: "ಕಾಲ ಜಾಡಿಸಬ್ಯಾಡ ಬೇಟಾ. ನನ್ನ ಕುತಿಗಿ ಹಿಡಕೋ. ಹಾಂ. ಹಾಂ. ಆಡ ಮನಿಗೆ ಹೋಗೇತಿ, ನಿನಗಿಂತಾ ಶಾಣ್ಯಾ ಐತಿ ಅದು." ಆಮೇಲೆ ಮಾತು ನಿಂತಿತು. ಆ ಹೊತ್ತು ಎಷ್ಟು ಉದ್ದವಿತ್ತೆಂದು ಆಫ್ರೀನಳಿಗೆ ಹೇಳಲು ಬಾರದು. ಹಿಟ್ಟು ಒಣಗಿದ ಗುರುಲಿಂಗವ್ವನ ಕೈ, ಅರಿವೆ ಹಿಂಡಿ ನೆರಿಗೆಗಟ್ಟಿದ ತನ್ನ ಕೈ, ಒಂದರ ಹಿಂದೊಂದು ಹಗ್ಗ ಹಿಡಿದು ಕಾಯುತ್ತಿದ್ದವು.

"ಎಳೀರಿ!"

ಎಳೆದರು. ಹರಗೋಲು ಗೋಡೆ ದಾಟಿ ಬಂತು. ಅದರೊಳಗೆ, ಖಾದರಬಾಷಾನ ಕೊರಳಿಗೆ ತೂಗುಬಿದ್ದ ಒಂದು ಕೆಸರಿನ ಮುದ್ದೆ. ಮುದ್ದೆಗೆ ಎರಡು ಬಿಳಿ ಕಣ್ಣು.

ಗುರುಲಿಂಗವ್ವ ಅವಳನ್ನು ಎತ್ತಿಕೊಂಡವಳೇ ಮೊದಲು ಬೆನ್ನಿಗೊಂದು ಗುದ್ದಿದಳು. ಆಮೇಲೆ ಎದೆಗೆ ಒತ್ತಿಕೊಂಡಳು. ಶೀಲಾ ಅಳಲಿಲ್ಲ. ಹಲ್ಲು ಕಟಕಟಿಸುತ್ತ ಒಂದೇ ಸವನೆ ಹೇಳುತ್ತಿದ್ದಳು: "ಮುನ್ನಿ ಜಾರಿತ್ರಿ, ಹಿಡೀಲಿಕ್ಕ ಹೋದೆ. ಮುನ್ನಿ ಜಾರಿತ್ರಿ."

ಆಫ್ರೀನ ದೂರವೇ ನಿಂತಿದ್ದಳು. ಹತ್ತಿರ ಹೋಗಲು ಧೈರ್ಯವಿರಲಿಲ್ಲ.

"ಅವ್ವಾರ, ನಂದ ತಪ್ಪ ಐತ್ರಿ. ಸಮಿತಿಯವರಿಗೆ ನನ್ನ ಹೆಸರ ಹೇಳ್ರಿ. ನನ್ನ ಕಳಸ್ರಿ."

ಗುರುಲಿಂಗವ್ವ ಕೆಸರು ಕೈಯನ್ನು ಸೀರೆಗೆ ಒರೆಸಿ, ಸೊಂಟದ ಮೊಬೈಲು ತೆಗೆದು ಅವಳತ್ತ ಚಾಚಿದಳು. "ನನ್ನ ಬೆರಳ ಹಿಡೀವಲ್ದು ಇದು. ಸಮಿತಿ ಸಾಹೇಬ್ರಿಗೆ ಹಚ್ಚು."

"ಈಗ?"

"ಈಗ. ಬ್ಯಾರೆಯವರ ಬಾಯಿಂದ ಅವರಿಗೆ ಮುಟ್ಟಬಾರದು."

ಆಫ್ರೀನ ಹಚ್ಚಿ, ಅವಳ ಕಿವಿಗೆ ಹಿಡಿದಳು. ಗುರುಲಿಂಗವ್ವ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಹುಡುಗಿ ಹೋದದ್ದು, ಇನ್ನೊಬ್ಬಳು ಅವಳ ಧ್ವನಿ ತೆಗೆದದ್ದು. "ನಾ ಬೆನ್ನು ಮಾಡಿ ಕುಂತಿದ್ದೆರಿ ಸಾಹೇಬ್ರ. ಹುಡುಗೋರನ್ನ ಕಿವೀಲೆ ಎಣಸತಿದ್ದೆ, ಕಣ್ಣೀಲೆ ಅಲ್ಲ. ಅದ ತಪ್ಪು. ಅದಕ್ಕ ಏನ ಮಾಡ್ತೀರಿ ನನಗ ಮಾಡ್ರಿ." ಆಚೆಯಿಂದ ಬಹಳ ಹೊತ್ತು ಮಾತು ಬಂತು. ಕೊನೆಗೆ ಗುರುಲಿಂಗವ್ವ ಹೇಳಿದಳು, "ಮಂಗಳವಾರ ಬರ್ರಿ. ಇರ್ತೇವಿ. ಮೂರೂ ಮಂದಿ ಇರ್ತೇವಿ."

"ಅವರ ಏನ ಅಂದ್ರು ರೀ?" ಶೀಲಾ ಕೇಳಿದಳು.

"ಬಂದ ನೋಡ್ತೇವಿ ಅಂದ್ರು."

"ಗೇಟ್ ಐತಲ್ರೀ, ಆ ಮನೀಗೆ..."

"ನಾ ಆಣಿ ಹಾಕೇನಿ. ಅವರ ಹಾಕಿಲ್ಲ." ಸುಳ್ಳು ಹೇಳಿ ಸಮಾಧಾನ ಮಾಡುವುದು ಅವಳಿಂದ ಆಗಲಿಲ್ಲ. "ಅಂಜಿಕಿ ನನಗೂ ಐತಿ. ನೀ ಮಾತ್ರ ಕರದಾಗ ಓ ಅನ್ನು. ಮುಂದಿಂದ ನಾ ನೋಡತೇನಿ." ಆಮೇಲೆ ತಿರುಗದೆಯೇ ಆಫ್ರೀನಳಿಗೆ: "ದೂರ ಯಾಕ ನಿಂತಿ? ನಿನ್ನ ಜೋಡಿ ಹೌದಿಲ್ಲೋ ಇಕಿ? ಕಾಲ ಹಿಡಿ ಅತ್ತಾಗ. ಒಜ್ಜಿ ಆಗ್ಯಾಳ ಕೆಸರಾಗ."

ಆಫ್ರೀನ ಓಡಿಹೋಗಿ ಆ ತಣ್ಣಗಿನ, ಕೆಸರು ಮೆತ್ತಿದ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದಳು. ಇಬ್ಬರೂ ಅವಳನ್ನು ನಡುವೆ ಹೊತ್ತು ಓಣಿಯ ಏರು ಹತ್ತತೊಡಗಿದರು, ಹೆಜ್ಜೆ ಹೊಂದದೆ, ಒಬ್ಬರನ್ನೊಬ್ಬರು ಎಳೆಯುತ್ತ.