ಬಾಂದುಕಲ್ಲು ಇದ್ದ ಜಾಗ

ತಾರಸಿಯ ಮೇಲಿನಿಂದ ಆಶಾರಾಣಿಯ ನಗು ಕೇಳಿಸುತ್ತಿತ್ತು. "ರೀ, ಬಂದು ನೋಡ್ರೀ, ಕೊಕ್ಕರೆ ಎಷ್ಟಿವೆ ಅಂತ" ಎಂದು ಅವಳು ಗಂಡನನ್ನು ಎರಡು ಸಲ ಕೂಗಿದಳು. ಕೆಳಗೆ ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದ ಗಂಗರತ್ನಮ್ಮನಿಗೆ ಆ ನಗು ಕೇಳಿಯೇ ಮನೆ ಇವರಿಗೇ ಹೋಗುತ್ತದೆ ಎಂದು ಖಾತ್ರಿಯಾಯಿತು. ಮನೆ ತೋರಿಸಲು ಕರೆತಂದಿದ್ದ ಬ್ರೋಕರ್ ಉಮೇಶನೂ ಹಾಗೇ ಅಂದುಕೊಂಡಿದ್ದ. ಬಾಗಿಲಿಗೆ ಒರಗಿ ನಿಂತು, "ಹೆಂಗಸ್ರು ಒಪ್ಪಿದ್ರೆ ಮುಗೀತು ರತ್ನಕ್ಕ. ಗಂಡಸ್ರು ಸಹಿ ಹಾಕೋಕ್ ಬರ್ತಾರೆ ಅಷ್ಟೇ" ಎಂದು ಪಿಸುಗುಟ್ಟಿದ.

ಗಂಡಸು ಹಿತ್ತಲಲ್ಲಿದ್ದ. ಹೆಸರು ಭೀಮರಾಜ್, ಶಿವಾರಪಟ್ಟಣದಲ್ಲಿ ವಿಗ್ರಹ ಕೆತ್ತುವ ಮನೆಯವನು. ಮಗಳನ್ನು ಮಾಲೂರಿನ ಕಾಲೇಜಿಗೆ ಸೇರಿಸಿದ್ದರಿಂದ ಪೇಟೆಗೆ ಹತ್ತಿರವಾಗಿ ಒಂದು ಮನೆ ಬೇಕಾಗಿತ್ತು. ಮನೆ ನೋಡಲು ಬರುವವರೆಲ್ಲ ಗೋಡೆ ತಟ್ಟುತ್ತಾರೆ, ನಲ್ಲಿ ತಿರುಗಿಸುತ್ತಾರೆ, ದೇವರಮನೆ ಯಾವ ದಿಕ್ಕಿಗಿದೆ ಎಂದು ಕೇಳುತ್ತಾರೆ. ಇವನು ಅದೇನನ್ನೂ ಮಾಡಿರಲಿಲ್ಲ. ಕೈ ತೊಳೆಯಲೆಂದು ಹಿತ್ತಲಿಗೆ ಹೋದವನು ಬಟ್ಟೆ ಒಗೆಯುವ ಕಲ್ಲಿನ ಮುಂದೆ ಕುಕ್ಕುರುಗಾಲಲ್ಲಿ ಕೂತುಬಿಟ್ಟಿದ್ದ. ಕಾಫಿ ಲೋಟ ಹಿಡಿದು ಬಂದ ಗಂಗರತ್ನಮ್ಮ ಹಿತ್ತಿಲ ಬಾಗಿಲಲ್ಲೇ ನಿಂತಳು. ಅವನ ಬಲಗೈ ಕಲ್ಲಿಗೂ ಗೋಡೆಗೂ ನಡುವಿನ ಸಂದಿಯೊಳಗೆ ಹೋಗಿತ್ತು. ಕಣ್ಣು ಬೇರೆಲ್ಲೋ ಇತ್ತು. ಬೆರಳುಗಳು ಮಾತ್ರ ಕಲ್ಲಿನ ತುದಿಯನ್ನು ನಿಧಾನವಾಗಿ ತಡವುತ್ತಿದ್ದವು, ಹೋದ ದಾರಿಯಲ್ಲೇ ಮತ್ತೆ ಹೋಗುತ್ತಿದ್ದವು.

"ಕಾಫಿ" ಎಂದಳು.

ಅವನು ಎದ್ದು ಕೈ ಒರೆಸಿಕೊಂಡು ಲೋಟ ತೆಗೆದುಕೊಂಡ. "ಒಳ್ಳೇ ಕಲ್ಲು" ಎಂದಷ್ಟೇ ಹೇಳಿದ. ಹೋಗುವಾಗ ಗೇಟಿನಿಂದ ಆಚೆ ನಿಂತು ಮನೆಯನ್ನಲ್ಲ, ಇಡೀ ಬೀದಿಯನ್ನು ಆ ತುದಿಯಿಂದ ಈ ತುದಿಯವರೆಗೆ ಒಮ್ಮೆ ನೋಡಿದ.

ಆ ಬೀದಿಯಲ್ಲಿ ಒಂದೇ ಸಾಲಿಗೆ ಒಂಬತ್ತು ಮನೆಗಳಿದ್ದವು. ಎಲ್ಲದರ ಹಿತ್ತಿಲೂ ಗುಂಡಮ್ಮನ ಕೆರೆಯ ಕಡೆಗೆ. ಇಪ್ಪತ್ತೆರಡು ವರ್ಷದ ಹಿಂದೆ ಸೈಟು ಮಾಡಿ ಮಾರಿದವನು ಲೇಕ್ ವ್ಯೂ ಬಡಾವಣೆ ಎಂದು ಬೋರ್ಡು ನೆಟ್ಟಾಗ ಕೆರೆಯಲ್ಲಿ ಹನಿ ನೀರಿರಲಿಲ್ಲ. ಜಾಲಿ ಬೆಳೆದಿತ್ತು, ಕುರಿ ಮೇಯುತ್ತಿದ್ದವು, ಭಾನುವಾರ ಕ್ರಿಕೆಟ್ ನಡೆಯುತ್ತಿತ್ತು. ಗಂಗರತ್ನಮ್ಮನ ಗಂಡ ಕೋದಂಡರಾಮಪ್ಪ ಹೆಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದವರು. ರಜೆಯ ದಿನಗಳಲ್ಲಿ ತಾವೇ ನಿಂತು, ಇಟ್ಟಿಗೆ ಇಟ್ಟಿಗೆಯನ್ನೂ ಬೆರಳಲ್ಲಿ ಬಡಿದು ನೋಡಿ ಈ ಮನೆ ಕಟ್ಟಿಸಿದರು. ಮಕ್ಕಳಿಲ್ಲದ ಇಬ್ಬರಿಗೆ ಕೂತರೂ ನಿಂತರೂ ಮನೆಯದೇ ಮಾತಾಗಿತ್ತು. ನಾಲ್ಕು ವರ್ಷದ ಹಿಂದೆ ಅವರು ತೀರಿಕೊಂಡರು. ಅಷ್ಟು ಹೊತ್ತಿಗೆ ಕೆರೆ ತುಂಬತೊಡಗಿತ್ತು. ಜನ ತೆಪ್ಪೋತ್ಸವ ಮಾಡಿದರು, ಬಾಗಿನ ಕೊಟ್ಟರು, ಬೋರ್‌ವೆಲ್‌ಗಳಲ್ಲಿ ನೀರು ಬಂತು. ಗಂಗರತ್ನಮ್ಮನೂ ಎಲ್ಲರ ಜೊತೆ ಹೋಗಿ ಅರಿಶಿನ ಕುಂಕುಮ ಬಿಟ್ಟು ಬಂದಿದ್ದಳು. ಮರುವರ್ಷದ ಮಳೆಗೆ ಅಡುಗೆಮನೆಯ ನೆಲದಲ್ಲಿ ಒಂದು ಮೂಲೆ ಬೆವರಿತು. ಅದರ ಮರುವರ್ಷ ಅಕ್ಕಿ ಡಬ್ಬದ ಕೆಳಗೆ ನೀರು ನಿಂತಿತ್ತು. ಬ್ಲೌಸು ಹೊಲಿಯುವ ಮಿಷನ್ನಿನ ಕಾಲಿಗೆ ತುಕ್ಕು ಹಿಡಿಯಿತು. ಅವಳ ಮಂಡಿ ರಾತ್ರಿಯಿಡೀ ಸೆಳೆಯತೊಡಗಿತು. ಆವನಿಯಲ್ಲಿದ್ದ ಅಕ್ಕ, "ಅದನ್ನ ಕೊಟ್ಟು ಇಲ್ಲೇ ಒಂದು ಸಣ್ಣ ಮನೆ ತಗೊಂಡು ಬಂದ್ಬಿಡೇ" ಎಂದಳು. ಬೇಸಿಗೆ ಮುಗಿಯುವ ಮುಂಚೆ ಗೋಡೆಯ ಕೆಳಭಾಗ ಕೆರೆಸಿ, ಹೊಸ ಬಣ್ಣ ಬಳಿಸಿ, ಉಮೇಶನಿಗೆ ಹೇಳಿಯಾಗಿತ್ತು.

ಭೀಮರಾಜ್ ಮರುದಿನ ಬೆಳಿಗ್ಗೆ ಒಬ್ಬನೇ ಬಂದ. ಗೇಟಿನ ಹತ್ತಿರವೇ ನಿಂತಿದ್ದ. ಒಳಗೆ ಕರೆದರೂ ಬರಲಿಲ್ಲ.

"ಹಿತ್ತಲಲ್ಲಿ ಇರೋ ಆ ಕಲ್ಲು ಎಲ್ಲಿಂದ ತಂದ್ರಮ್ಮ?"

"ಯಾವುದೋ ಕ್ವಾರೀದು. ನಮ್ಮೆಜಮಾನ್ರು ತರ್ಸಿದ್ರು."

ಅವನು ತಲೆ ಅಲ್ಲಾಡಿಸಲೂ ಇಲ್ಲ, ಬೈಯಲೂ ಇಲ್ಲ. ತನ್ನ ಅಂಗೈಯನ್ನು ನೋಡಿಕೊಂಡ. "ನಾನು ಹತ್ತು ವರ್ಷದೋನಿದ್ದಾಗಿಂದ ಉಳಿ ಹಿಡಿದಿದ್ದೀನಿ. ಕಲ್ಲಿನ ತಲೆ ಮೇಲೆ ಅಡ್ಡ ಉದ್ದ ಎರಡು ಗೆರೆ ಇದೆ. ಪಕ್ಕದಲ್ಲಿ ಬಾಣದ ಗುರುತು. ನಮ್ ಕಡೆ ಯಾರೂ ಹಂಗೆ ಕೆತ್ತಲ್ಲ. ಅದು ಸರ್ವೆಯೋರು ಕೆರೆ ಎಲ್ಲೆಗೆ ನೆಟ್ಟ ಬಾಂದುಕಲ್ಲು." ಕೈ ಕೆಳಗಿಳಿಸಿ, "ಎಲ್ಲಿತ್ತು ಅಂತ ಹೇಳಿದ್ರೆ ಸಾಕು" ಎಂದ.

ಗಂಗರತ್ನಮ್ಮ ಗೇಟಿನ ಸರಳು ಹಿಡಿದುಕೊಂಡಳು. ಪಾಯ ತೋಡುವ ದಿನ ಅವಳೂ ಇಲ್ಲೇ ಇದ್ದಳು, ಕೂಲಿಯವರಿಗೆ ಮುದ್ದೆ ಹೊತ್ತು ತಂದಿದ್ದಳು. ಕೋದಂಡರಾಮಪ್ಪ ಹಾರೆ ಹಾಕಿ ಆ ಕಲ್ಲನ್ನು ಮೀಟುತ್ತಿದ್ದಾಗ, ಕುರಿ ಹೊಡೆದುಕೊಂಡು ಬಂದ ಆವಲಪ್ಪನೆಂಬ ಮುದುಕ ನಿಂತು, "ಕೆರೆ ಕಲ್ಲು ಕೀಳ್ತೀಯಲ್ಲಯ್ಯಾ" ಎಂದಿದ್ದ. ಇವರು ನಕ್ಕು, "ಕೆರೆ ಎಲ್ಲೈತೆ ತಾತ, ತೋರ್ಸು" ಎಂದಿದ್ದರು. ಕೂಲಿಯವರೂ ನಕ್ಕಿದ್ದರು. ಅವಳೂ ನಕ್ಕಿದ್ದಳು. ಆಮೇಲೆ ಇಪ್ಪತ್ತೆರಡು ವರ್ಷ ಅದೇ ಕಲ್ಲಿನ ಮೇಲೆ ಬಟ್ಟೆ ಒಗೆದಿದ್ದಳು. ಗುರುತಿದ್ದ ತುದಿಯನ್ನು ಗೋಡೆಯ ಕಡೆಗೆ ತಿರುಗಿಸಿ ಇಡಿ ಎಂದು ಗಂಡನಿಗೆ ಹೇಳಿದವಳೂ ಅವಳೇ.

"ಇಲ್ಲೇ," ಎಂದಳು. "ಈ ಗೇಟಿನ ಕಂಬ ಐತಲ್ಲ, ಇಲ್ಲೇ."

ಅವನು ಕಂಬವನ್ನು ನೋಡಿದ, ಮನೆಯನ್ನು ನೋಡಿದ, ಮನೆಯ ಹಿಂದೆ ಹೊಳೆಯುತ್ತಿದ್ದ ನೀರನ್ನು ನೋಡಿದ. ಲೆಕ್ಕ ಹಾಕುವಂಥದ್ದು ಏನೂ ಇರಲಿಲ್ಲ.

"ಆಶಾಗೆ ವಾಸ್ತು ಸರಿ ಇಲ್ಲ ಅಂತ ಹೇಳ್ತೀನಿ," ಎಂದ. "ಉಮೇಶಂಗೂ ಅದೇ. ನಾನ್ ಯಾರ ಹತ್ರಾನೂ ಈ ಮಾತು ಎತ್ತಲ್ಲ."

ಅವನು ಬೈಕಿನ ಕಡೆಗೆ ತಿರುಗಿದಾಗ ಗಂಗರತ್ನಮ್ಮನ ಬಾಯಿಂದ ಅವಳಿಗೇ ಗೊತ್ತಿಲ್ಲದ ಮಾತೊಂದು ಬಂತು. "ಆ ಗುರುತು ತೆಗೀಬೇಕು ಅಂದ್ರೆ ಎಷ್ಟೊತ್ತು ಬೇಕಾಗ್ತದಪ್ಪ?"

ಭೀಮರಾಜ್ ಅವಳನ್ನು ನೋಡಿದ. "ಹತ್ತು ನಿಮಿಷ," ಎಂದ. "ನನ್ ಕೈಲಿ ಆಗಲ್ಲಮ್ಮ. ತಪ್ಪು ತಿಳ್ಕೋಬೇಡಿ."

ಅವನು ಹೋದ ಮೇಲೆ ಅವಳು ಒಳಗೆ ಬಂದು ಹೊಲಿಗೆ ಮಿಷನ್ನಿನ ಮುಂದೆ ಕೂತಳು. ಬೈದು ಹೋಗಿದ್ದರೆ ತಾನೂ ನಾಲ್ಕು ಮಾತು ಆಡಬಹುದಿತ್ತು ಅನ್ನಿಸಿತು. ಅವನು ಬಾಯಿ ಮುಚ್ಚಿಕೊಂಡಿರುತ್ತೇನೆ ಅಂದಿದ್ದ. ಈಗ ಹೇಳುವುದೂ ಬಿಡುವುದೂ ಅವಳೊಬ್ಬಳ ಮೇಲೆಯೇ ಬಿದ್ದಿತ್ತು.

ವಾಸ್ತುವಿನ ಮಾತನ್ನು ಉಮೇಶ ನಂಬಿದ. "ಕಲ್ಲು ಕೆತ್ತೋರಿಗೆ ಅದೆಲ್ಲ ಜಾಸ್ತಿ" ಎಂದ. ಆದರೆ ಹದಿನೈದು ದಿನ ಬಿಟ್ಟು ಫೋನು ಮಾಡಿದಾಗ ಅವನ ದನಿಯಲ್ಲಿ ಅವಸರವಿತ್ತು. "ಮುಂದಿನ ತಿಂಗಳು ಕೆರೆ ಅಳತೆಗೆ ಬರ್ತಾರೆ ಅಂತ ಸುದ್ದಿ ಐತೆ ರತ್ನಕ್ಕ. ನಿಮ್ಮ ಪೇಪರೆಲ್ಲ ಸರಿಯಾಗೇ ಐತೆ, ಅದಕ್ಕಲ್ಲ. ಅಳ್ತೆ ಅಂದ್ರೆ ಜನ ಹೆದರ್ತಾರೆ. ಅಷ್ಟರೊಳಗೆ ಮುಗಿಸ್ಬಿಡಾಣ. ಒಬ್ರನ್ನ ಕರ್ಕೊಂಡ್ ಬರ್ತೀನಿ, ಅವರು ಜಾಸ್ತಿ ಏನೂ ಕೇಳಲ್ಲ."

ಬಂದವಳು ದೊಡ್ಡಗಂಗಮ್ಮ. ಊರು ಆಂಧ್ರದ ಗಡಿಯ ರಾಯಲ್ಪಾಡು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಆಯಾ ಕೆಲಸ ಮಾಡಿ ಯುಗಾದಿಯ ಹೊತ್ತಿಗೆ ನಿವೃತ್ತಳಾಗಿದ್ದಳು. ಉಮೇಶನ ಬೈಕಿನಿಂದ ಇಳಿದವಳು ಹೊಸ್ತಿಲ ಹೊರಗೇ ಚಪ್ಪಲಿ ಬಿಟ್ಟು, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಕಾಲಿಟ್ಟಳು. ಗೋಡೆ ತಟ್ಟಲಿಲ್ಲ. ಪ್ರತಿ ಕೋಣೆಯ ನಡುವೆ ನಿಂತು ಸುತ್ತ ನೋಡಿ, ಯಾರೋ ಮಲಗಿದ್ದಾರೇನೋ ಎಂಬಂತೆ ಮೆಲ್ಲಗೆ ಹೊರಗೆ ಬರುತ್ತಿದ್ದಳು. ಅಡುಗೆಮನೆಯಲ್ಲಿ ಮಾತ್ರ ಸ್ವಲ್ಪ ಹೊತ್ತು ನಿಂತು, "ಒಲೆ ಈ ಕಡೆ ಇಟ್ಕೊಂಡ್ರೆ ಕಿಟಕಿ ಗಾಳಿ ತಾಕಲ್ಲ ಅಲ್ವಾ ಅಕ್ಕಾ" ಎಂದಳು.

"ಹೂಂ. ನಾನೂ ಮೊದಲು ಅಲ್ಲೇ ಇಟ್ಕೊಂಡಿದ್ದೆ," ಎಂದಳು ಗಂಗರತ್ನಮ್ಮ.

ಉಮೇಶ ಫೋನು ಬಂತೆಂದು ಅಂಗಳಕ್ಕೆ ಹೋದ. ಇಬ್ಬರೂ ನಡುಮನೆಯಲ್ಲಿ ಕೂತರು. ದೊಡ್ಡಗಂಗಮ್ಮ ಲೋಟದ ಕಾಫಿಯನ್ನು ಆರಿಸಿಕೊಂಡು, ಗುಟುಕಿಗೊಂದು ಮಾತಿನಂತೆ ತನ್ನ ವಿಷಯ ಹೇಳಿದಳು. ಗಂಡ ಚಿಕ್ಕ ವಯಸ್ಸಿನಲ್ಲೇ ಬಿಟ್ಟು ಹೋಗಿದ್ದ. ತವರಿನಲ್ಲಿ ಅಣ್ಣಂದಿರದ್ದೇ ಮಾತು. ಇಷ್ಟು ವರ್ಷ ಇದ್ದದ್ದು ಕ್ವಾರ್ಟರ್ಸಿನಲ್ಲಿ. "ರಿಟೈರ್ ಆದ್ಮೇಲೆ ಬಿಡಬೇಕಲ್ಲ, ಅದು ನ್ಯಾಯಾನೇ. ಈಗ ಬಾಡಿಗೆ ಮನೆ. ಮನೆಯೋರ ಮಗ ಮದ್ವೆ ಆಗ್ತಾನಂತೆ, ಅಲ್ಲೂ ಬಿಡಬೇಕು. ಪರ್ವಾಲೇದು, ಪರ್ವಾಗಿಲ್ಲ." ಲೋಟ ಕೆಳಗಿಟ್ಟಳು. ಎರಡೂ ಕೈಯನ್ನು ಮಡಿಲಲ್ಲಿ ಜೋಡಿಸಿಕೊಂಡು, ಡಾಕ್ಟರ ಮುಂದೆ ಕೂತವಳ ಹಾಗೆ ಮುಂದಕ್ಕೆ ಬಾಗಿದಳು.

"ನಂಗೆ ಓದು ಬರಹ ಬರಲ್ಲ ಅಕ್ಕಾ. ಪೇಪರೆಲ್ಲ ಉಮೇಶಣ್ಣ ನೋಡ್ಕೋತಾನೆ. ನಿಮ್ಮನ್ನ ಒಂದೇ ಒಂದು ಕೇಳ್ತೀನಿ. ಈ ಮನೇಲಿ ಯಾರೂ ಬಂದು ಖಾಲಿ ಮಾಡು ಅನ್ನಲ್ಲ ತಾನೇ?"

ಇಲ್ಲ ಎನ್ನುವುದಕ್ಕೆ ಗಂಗರತ್ನಮ್ಮ ಬಾಯಿ ತೆರೆದಿದ್ದಳು. ಆ ಮಾತು ನಾಲಿಗೆಯ ಮೇಲೇ ಇತ್ತು. ಎದುರಿನವಳ ಕೈಗಳ ಮೇಲೆ ಕಣ್ಣು ಬಿತ್ತು. ಫಿನಾಯಿಲ್ ನೀರಿನಲ್ಲಿ ಅದ್ದಿ ಅದ್ದಿ ಬೆರಳ ತುದಿಗಳು ಬಿಳಚಿಕೊಂಡಿದ್ದವು, ಉಗುರು ಸವೆದಿದ್ದವು.

"ಅಂತಾರಮ್ಮ," ಎಂದಳು.

ದೊಡ್ಡಗಂಗಮ್ಮನಿಗೆ ಅರ್ಥವಾಗಲಿಲ್ಲ. ಗಂಗರತ್ನಮ್ಮ ಎದ್ದು ಅವಳ ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋಗಿ ಕಲ್ಲು ತೋರಿಸಿದಳು. ಆಮೇಲೆ ಮುಂದಿನ ಗೇಟಿಗೆ ಕರೆತಂದು ಕಂಬ ತೋರಿಸಿದಳು. ಇಲ್ಲಿತ್ತು, ನಾವೇ ಕಿತ್ತೆವು, ಈ ಕಡೆಯದೆಲ್ಲ ಕೆರೆ ಎಂದಳು. ಅಳತೆಗೆ ಬರುವವರಿದ್ದಾರೆ ಎಂದಳು. ಒಂದೊಂದೇ ಮಾತು, ದನಿ ಏರಿಸದೆ. ಫೋನು ಹಿಡಿದು ನಿಂತಿದ್ದ ಉಮೇಶ ಮಾತು ನಿಲ್ಲಿಸಿ ಕೇಳುತ್ತಿದ್ದ.

"ಏನ್ ರತ್ನಕ್ಕ ಇದು," ಎಂದ ಕೊನೆಗೆ. ಸಿಟ್ಟಿಗಿಂತ ಗಾಬರಿಯೇ ಹೆಚ್ಚಿತ್ತು. "ನಿಮ್ದೊಂದೇ ಮನೆ ಅಂದ್ಕೊಂಡ್ರಾ? ಇಲ್ಲಿ ಒಂಬತ್ತು ಮನೆ ಐತೆ. ನಾನೇ ನಾಕು ಮನೆ ಕೊಡ್ಸಿದ್ದೀನಿ ಈ ಸಾಲಲ್ಲಿ. ನಾಳೆ ಅವರು ನನ್ನ ಮನೆ ಮುಂದೆ ಬಂದು ನಿಂತ್ಕೋತಾರೆ, ಏನ್ ಹೇಳಲಿ?" ಅವನು ಬೈಕು ಹತ್ತಿದ. ದೊಡ್ಡಗಂಗಮ್ಮನನ್ನು ಕರೆತಂದಿದ್ದೇ ಮರೆತು ಹೊರಟುಹೋದ.

ಬಸ್ಸಿನ ದಾರಿ ತೋರಿಸಲು ಗಂಗರತ್ನಮ್ಮ ಮುಖ್ಯರಸ್ತೆಯವರೆಗೂ ಅವಳ ಜೊತೆ ನಡೆದಳು. ಮಂಡಿ ನೋವಿಗೆ ಎರಡು ಕಡೆ ನಿಲ್ಲಬೇಕಾಯಿತು. ದೊಡ್ಡಗಂಗಮ್ಮನೂ ಜೊತೆಯಲ್ಲೇ ನಿಲ್ಲುತ್ತಿದ್ದಳು. ನೀಲಗಿರಿ ಮರದ ನೆರಳಲ್ಲಿ ಬಸ್ಸಿಗೆ ಕಾಯುವಾಗ, "ಮತ್ತೆ ನೀವು ಏನ್ ಮಾಡ್ತೀರಾ ಅಕ್ಕಾ?" ಎಂದು ಕೇಳಿದಳು.

"ಗೊತ್ತಿಲ್ಲ."

"ಆ ಅಡುಗೆಮನೆ ಚೆನ್ನಾಗಿತ್ತು," ಎಂದಳು ದೊಡ್ಡಗಂಗಮ್ಮ. ಬಸ್ಸು ಬಂತು. ಹತ್ತಿ ಕಿಟಕಿಯ ಪಕ್ಕ ಕೂತವಳು, ಬಸ್ಸು ತಿರುವು ದಾಟುವವರೆಗೂ ಇವಳ ಕಡೆ ತಿರುಗಿಕೊಂಡೇ ಇದ್ದಳು. ಕೈ ಬೀಸಲಿಲ್ಲ.

ವಾಪಸು ಬರುವ ಹೊತ್ತಿಗೆ ಬಿಸಿಲು ಇಳಿದಿತ್ತು. ಪಕ್ಕದ ಮನೆಯ ಶಾಮಲಮ್ಮ ಬೀದಿಗೆ ಬಂದಿದ್ದಳು. ಮಗ ಕದಿರೇಶನಿಗೆ ಮಾರ್ಗಶಿರದಲ್ಲಿ ಮದುವೆ. ಬರುವ ಸೊಸೆಗೆಂದು ಮನೆಗೆ ತಾಗಿಸಿ ಎರಡು ಕೋಣೆ ಎಬ್ಬಿಸುತ್ತಿದ್ದರು. ಹೊಸ ಗೋಡೆಗೆ ಗಾರೆಯಾಗಿತ್ತು. ಅದಕ್ಕೆ ಹೊತ್ತು ಹೊತ್ತಿಗೆ ನೀರು ಹಾಕುವ ಕೆಲಸ ಅವಳದು. ಕೈಯಲ್ಲಿದ್ದ ಪೈಪನ್ನು ಮರಳಿನ ಗುಡ್ಡೆಯ ಕಡೆ ಬಗ್ಗಿಸಿ ಕೇಳಿದಳು.

"ಉಮೇಶ ಏನೋ ಕೂಗಾಡ್ಕೊಂಡು ಹೋದ. ಏನ್ ಹೇಳ್ದೆ ಆ ಯಮ್ಮಂಗೆ?"

ಗಂಗರತ್ನಮ್ಮ ಹೇಳಿದಳು. ಎರಡನೇ ಸಲ ಹೇಳುವಾಗ ಸುಲಭವಾಗಬಹುದು ಅಂದುಕೊಂಡಿದ್ದಳು, ಆಗಲಿಲ್ಲ.

"ಕಲ್ಲು ಇದ್ದದ್ದು ನಿಮ್ಮ ಗೇಟ್ ಹತ್ರ ತಾನೇ?" ಎಂದಳು ಶಾಮಲಮ್ಮ.

"ಹೂಂ."

"ನಮ್ ಮನೆ ಈ ಕಡೆ ಐತೆ."

"ಒಂದೇ ಸಾಲು ಶಾಮಲ."

ಶಾಮಲಮ್ಮ ಬೀದಿಯ ಉದ್ದಕ್ಕೂ ನೋಡಿದಳು. ಗೇಟು, ಗೇಟು, ಗೇಟು. ಒಂದರ ಪಕ್ಕ ಒಂದು, ದಾರ ಹಿಡಿದು ನಿಲ್ಲಿಸಿದ ಹಾಗೆ. ಗಂಗರತ್ನಮ್ಮ ಶಾಮಲಮ್ಮನ ಎರಡನೇ ಬಾಣಂತನಕ್ಕೆ ಎಣ್ಣೆ ಕಾಯಿಸಿ ಕೊಟ್ಟವಳು. ಶಾಮಲಮ್ಮನ ಗಂಡ ಆಸ್ಪತ್ರೆಯಲ್ಲಿದ್ದಾಗ ಒಂದು ತಿಂಗಳು ಕದಿರೇಶನನ್ನು ತನ್ನ ಮನೆಯಲ್ಲೇ ಮಲಗಿಸಿಕೊಂಡವಳು. ಅವಳ ಮುಖವನ್ನು ಶಾಮಲಮ್ಮ ದಿಟ್ಟಿಸಿ ನೋಡಿದಳು.

"ಇಪ್ಪತ್ತೆರಡು ವರ್ಷ ನನ್ ಹತ್ರ ಒಂದು ಮಾತು ಆಡಲಿಲ್ಲ," ಎಂದಳು. "ಇವತ್ತು ಬಂದೋಳಿಗೆ ಹೇಳ್ದೆ."

ಗಂಗರತ್ನಮ್ಮನಿಗೆ ಅದು ಸುಳ್ಳು ಎನ್ನುವ ಹಾಗಿರಲಿಲ್ಲ.

ಶಾಮಲಮ್ಮ ಹಿಂದಕ್ಕೆ ತಿರುಗಿ ಪೈಪನ್ನು ಮತ್ತೆ ಗೋಡೆಗೆ ಹಿಡಿದಳು. ಗಾರೆ ಆಗಲೇ ಸಾಕಷ್ಟು ನೀರು ಕುಡಿದು ಕಪ್ಪಾಗಿತ್ತು. ನೀರು ಒಳಗೆ ಹೋಗದೆ ಗೋಡೆಯ ಉದ್ದಕ್ಕೂ ಇಳಿದು, ಮರಳಿನ ಗುಡ್ಡೆಯ ಅಂಚು ಕೊರೆದು, ಬೀದಿಗೆ ಬಂದು ಗಂಗರತ್ನಮ್ಮನ ಚಪ್ಪಲಿಯ ಸುತ್ತ ನಿಂತಿತು. ಅವಳು ಕಾಲು ಎತ್ತಲಿಲ್ಲ. ಶಾಮಲಮ್ಮನೂ ಪೈಪು ಸರಿಸಲಿಲ್ಲ, ಒಂದೇ ಜಾಗಕ್ಕೆ ಹಿಡಿದುಕೊಂಡು ನಿಂತಿದ್ದಳು.