ಅಪ್ಪನ ಹಡಗಿಗೆ ಬಂದರಿಲ್ಲ

ಸರಕು ಹಡಗು ಒಡೆಯುವುದರಲ್ಲಿ ಅಪ್ಪನದೇ ಒಂದು ಕ್ರಮ. ಮೊದಲ ಗುಂಡು ಇಂಜಿನ್ನಿಗೆ, ಉಳಿದದ್ದು ಹೊಟ್ಟೆಗೆ. ಅಂದೂ ಹಾಗೇ ಮಾಡಿದ. ಗಣಿಯವರ ಹಡಗು ಬಿರಿದು, ಒಳಗಿದ್ದ ಗಾಳಿಯ ಜೊತೆ ಆಳುಗಳೂ ಕತ್ತಲೆಗೆ ಚೆಲ್ಲಿಹೋದರು. ಒಬ್ಬ ಕೈಕಾಲು ಬಡಿಯುತ್ತ ಪರದೆಯ ಅಂಚಿನವರೆಗೂ ತೇಲಿ ಬಂದ, ಆಮೇಲೆ ಬಡಿಯುವುದನ್ನು ನಿಲ್ಲಿಸಿದ. ಅಪ್ಪ ಅವನಿಗೂ ಒಂದು ಗುಂಡು ಹಾಕಿದ.

"ಅವನು ಆಗಲೇ ಸತ್ತಿದ್ದ, ಅಪ್ಪ."

"ಹಾಗಿದ್ರೆ ಅವನಿಗೆ ನೋವಾಗಿರಲ್ಲ ಬಿಡು."

ನಮ್ಮದು ವೆಲ್ಡಿಂಗ್ ಅಂಗಡಿ. ಹಿಂದಿನ ಕೋಣೆಯಲ್ಲಿ ಎರಡು ಹಳೇ ಕಂಪ್ಯೂಟರು. ಕೆಲಸ ಮುಗಿದರೆ ಶಟರ್ ಎಳೆದು, ಕೈಯ ಮಸಿ ತೊಳೆದು, ಅಪ್ಪ ಮಗಳು ಇಬ್ಬರೂ ಬಾಹ್ಯಾಕಾಶದ ಕಡಲ್ಗಳ್ಳರಾಗುತ್ತಿದ್ದೆವು. ಆಟದಲ್ಲಿ ಮೂರು ಬಣಗಳು: ಗಣಿಯವರು, ವರ್ತಕರು, ಸುಂಕದ ಪಡೆಯವರು. ಯಾರನ್ನು ದೋಚಿದರೆ ಬಣಗಳ ಪುಟದಲ್ಲಿ ಅವರ ಹೆಸರು ಹಸಿರಿನಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ತಿರುಗುತ್ತದೆ. ಕೆಂಪಾದರೆ ಮುಗಿಯಿತು. ಅವರ ಬಂದರಿನಲ್ಲಿ ಜಾಗವಿಲ್ಲ, ಕಂಡಲ್ಲಿ ಗುಂಡು.

ಅಪ್ಪ ಆ ಬಣ್ಣದ ಪುಟವನ್ನು ಒಮ್ಮೆಯೂ ತೆರೆದವನಲ್ಲ. ತೆರೆಯುವವಳು ನಾನು. ಅವನು ದೋಚಿ ಬಂದ ಮೇಲೆ ನನ್ನ ಸಣ್ಣ ಹಡಗು ಹತ್ತಿ ಅದೇ ಜನರ ಬಂದರಿಗೆ ಹೋಗುತ್ತಿದ್ದೆ. ಸೆರೆಯಾಳುಗಳನ್ನು ಬಿಡಿಸಿ, ಔಷಧಿ ಸಾಗಿಸಿ, ಅವರ ಶತ್ರುಗಳಿಗೆ ನಾಲ್ಕು ಬಾರಿಸಿ, ಹೇಗೋ ಕೆಂಪನ್ನು ಹಳದಿಗೆ ತಂದು ನಿಲ್ಲಿಸುತ್ತಿದ್ದೆ. ಇಬ್ಬರೂ ಒಂದೇ ತಂಡ, ಹಾಗಾಗಿ ನನ್ನ ಪುಣ್ಯ ಅವನಿಗೂ ಸಲ್ಲುತ್ತಿತ್ತು. ಉಂಡೂ ಹೋದ, ಕೊಂಡೂ ಹೋದ ಅನ್ನುತ್ತಾರಲ್ಲ, ಹಾಗೆ ದೋಚಿದವರ ಬಂದರಿನಲ್ಲೇ ಅಪ್ಪ ಹಡಗು ರಿಪೇರಿ ಮಾಡಿಸಿಕೊಂಡು ಬರುತ್ತಿದ್ದ.

"ನನ್ನ ಹೆಸರು ಕೇಳಿದ್ರೆ ಬಾಗಿಲು ತೆಗೀತಾರೆ, ನೋಡಿದ್ಯಾ?" ಎನ್ನುತ್ತಿದ್ದ.

ಹೊರಗೂ ಇದೇ ಕಥೆ. ಬೀದಿಯವರು ಅವನಿಗಿಟ್ಟ ಹೆಸರು ಪಟಾಕಿ. ಪಕ್ಕದ ಮೆಕ್ಯಾನಿಕ್ ನಮ್ಮ ಬಾಗಿಲಿಗೆ ಅಡ್ಡ ಬೈಕ್ ನಿಲ್ಲಿಸಿದನೆಂದು ಅಪ್ಪ ಕಬ್ಬಿಣದ ಪೈಪಿನಿಂದ ಅವನ ಬಾಯಿಗೇ ಬಾರಿಸಿದ್ದ. ಮೆಕ್ಯಾನಿಕ್ ಮೊಣಕಾಲೂರಿ ಕೂತು ಅಂಗೈಗೆ ಹಲ್ಲು ಉಗುಳಿಕೊಂಡ. ಅವನನ್ನು ಆಸ್ಪತ್ರೆಗೆ ಕರೆದೊಯ್ದು, ಪೊಲೀಸರವರೆಗೆ ಹೋಗಬೇಡಿ ಅಣ್ಣಾ ಎಂದು ಕೈಮುಗಿದವಳು ನಾನು. ಅಮ್ಮ ಇರುವವರೆಗೆ ಆ ಕೆಲಸ ಅಮ್ಮನದಾಗಿತ್ತು. ನನಗೇನು ಸಿಟ್ಟು ಬರುವುದಿಲ್ಲವೇ? ಮೂಗಿನ ತುದಿಯಲ್ಲೇ ಇದೆ. ಆದರೆ ಒಂದು ಮನೆಗೆ ಒಂದು ಪಟಾಕಿ ಸಾಕು.

ದೂರದ ಊರಿನ ಕಾರ್ಖಾನೆಯೊಂದರಲ್ಲಿ ನನಗೆ ಪೈಪು ಬೆಸೆಯುವ ಕೆಲಸ ಸಿಕ್ಕಿತು. ಅಪ್ಪನಿಗೆ ಹೇಳಿದೆ. ಅವನ ಕೈಯಲ್ಲಿದ್ದ ಸುತ್ತಿಗೆ ನನ್ನ ಕಿವಿಯ ಪಕ್ಕದಲ್ಲೇ ಹಾದು ಗೋಡೆಗೆ ಬಡಿಯಿತು. ಗಾರೆ ಉದುರಿತು.

"ಕಾಲು ಮುರೀತೀನಿ."

"ಮುರಿ. ವೆಲ್ಡಿಂಗ್ ಮಾಡೋದು ಕೈಯಲ್ಲಿ."

ಅಪ್ಪನಿಗೆ ನಗು ತಡೆಯಲಾಗಲಿಲ್ಲ. ನಕ್ಕದ್ದಕ್ಕೇ ಇನ್ನಷ್ಟು ಸಿಟ್ಟು ಬಂತು. "ಭಾನುವಾರ ಆಟದಲ್ಲಿ ಎದುರಿಗೆ ಬಾ. ನನ್ನ ಹಡಗು ಒಡೆದ್ರೆ ಹೋಗು. ಒಡೀಲಿಲ್ವೋ, ಆ ಮಾತು ಸತ್ರೂ ಎತ್ತಬಾರದು. ಜಾಗ ನೀನೇ ಆರಿಸ್ಕೋ. ತಂಡ ಮಾತ್ರ ಬಿಟ್ಟು ಬಾ, ಒಂದೇ ತಂಡದವರು ಹೊಡೆದಾಡೋಕಾಗಲ್ಲ."

ತಂಡ ಬಿಟ್ಟರೆ ನನ್ನ ಪುಣ್ಯವೂ ನನ್ನ ಜೊತೆಗೇ ಹೊರಡುತ್ತದೆ. ಅದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ನಾನು ಬಾಯಿ ಬಿಡಲಿಲ್ಲ. ಮೂರು ಬಣದ ಹಡಗುಗಳೂ ಓಡಾಡುವ ಒಂದು ಕೂಡುದಾರಿಯನ್ನು ಆರಿಸಿದೆ.

ಭಾನುವಾರ ಮಧ್ಯಾಹ್ನ ಊಟ ಮಾಡಿ ಕೂತೆವು. ಅಪ್ಪ ಮಗಳೆಂದು ನೋಡಲಿಲ್ಲ. ಬಂದವನೇ ನನ್ನ ಎಡರೆಕ್ಕೆ ಕಿತ್ತ. ಎರಡನೇ ಗುಂಡಿಗೆ ಗಾಜು ಸೀಳಿ ನನ್ನ ಬಂದೂಕುಗಾರನ ಎದೆ ತೂತಾಯಿತು, ರಕ್ತ ಗುಂಡುಗುಂಡಾಗಿ ತೇಲಿತು. ಇಂಜಿನ್ ಕೋಣೆಗೆ ಬೆಂಕಿ ಹತ್ತಿ ಆಳುಗಳು ಕಿರುಚತೊಡಗಿದರು. ಬೇರೆ ದಾರಿಯಿಲ್ಲದೆ ಆ ಬಾಗಿಲನ್ನು ಒಳಗಿನವರ ಸಮೇತ ಮುಚ್ಚಿದೆ. ಪಕ್ಕದ ಕುರ್ಚಿಯಲ್ಲಿ ಅಪ್ಪ ತೊಡೆ ತಟ್ಟಿ ನಗುತ್ತಿದ್ದ.

ಆಗ ಸುಂಕದ ಪಡೆಯ ಕಾವಲು ಹಡಗುಗಳು ಬಂದವು. ನನ್ನನ್ನು ದಾಟಿ ನೇರ ಅವನ ಮೇಲೆ ಬಿದ್ದವು.

"ಇವಕ್ಕೇನಾಯ್ತು?" ಎಂದ ಅಪ್ಪ. ಒಂದನ್ನು ಎರಡು ಹೋಳು ಮಾಡಿದ, ಇನ್ನೊಂದರ ಮೂತಿಗೆ ತನ್ನ ಹಡಗನ್ನೇ ಗುದ್ದಿಸಿದ. ಅಷ್ಟರಲ್ಲಿ ಗಣಿಯವರು ಬಂದರು. ಬಂಡೆ ಒಡೆಯುವ ಕೊರೆಯಂತ್ರಗಳನ್ನು ಅವನ ಹಡಗಿನ ಮೈಗೆ ನೆಟ್ಟು ತಿರುಗಿಸಿದರು. ಹಿಂದೆಯೇ ವರ್ತಕರ ಬಾಡಿಗೆ ಬಂಟರು ಒಳಗೆ ನುಗ್ಗಿ ಕೋಣೆಯಿಂದ ಕೋಣೆಗೆ ಅವನ ಆಳುಗಳನ್ನು ಕಡಿಯುತ್ತ ಬಂದರು. ಇಷ್ಟು ವರ್ಷ ಒಡೆದದ್ದೆಲ್ಲ ಒಂದೇ ಮಧ್ಯಾಹ್ನ ವಸೂಲಿಗೆ ಬಂದಿತ್ತು. ಅಪ್ಪ ಕಾದಿದ. ಅಂಥ ಕಾದಾಟವನ್ನು ನಾನು ನೋಡಿರಲಿಲ್ಲ, ಹೆಮ್ಮೆಯೂ ಆಯಿತು. ಒಂದೇ ಬಂದೂಕು ಉಳಿದಿತ್ತು. ಅವನ ಹಣೆಯ ಬೆವರು ಕೀಲಿಮಣೆಯ ಮೇಲೆ ತೊಟ್ಟಿಕ್ಕುತ್ತಿತ್ತು.

"ಪುಟ್ಟೀ, ಬಲಗಡೆ ನೋಡ್ಕೋ," ಎಂದ.

ದಿನವೂ ಹೇಳುವ ಮಾತು. ನಾವಿಬ್ಬರೂ ಎದುರಾಳಿಗಳೆಂಬುದೇ ಅವನಿಗೆ ಮರೆತುಹೋಗಿತ್ತು. ತನ್ನ ಬಲಪಕ್ಕವನ್ನು ನನಗೆ ಒಪ್ಪಿಸಿ ಎಡಕ್ಕೆ ತಿರುಗಿದ. ಬಲಪಕ್ಕಕ್ಕೆ ರಕ್ಷಾಕವಚವೇ ಇರಲಿಲ್ಲ. ನನ್ನ ಬೆರಳು ಗುಂಡಿಯ ಮೇಲಿತ್ತು. ಒತ್ತಿದೆ, ಗುಂಡು ಮುಗಿಯುವವರೆಗೂ ಒತ್ತಿದೆ. ಅವನ ಹಡಗು ನಡುವೆ ಮುರಿದು ಬೆಳ್ಳಗೆ ಉರಿಯಿತು.

ಅಪ್ಪ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಬೈಯುತ್ತಾನೆ, ಏನಾದರೂ ಎಸೆಯುತ್ತಾನೆ ಎಂದು ಭುಜ ಕುಗ್ಗಿಸಿ ಕಾದೆ. ಅವನು ಮೌಸ್ ಹಿಡಿದು, ಜೀವನದಲ್ಲಿ ಮೊದಲ ಸಲ, ಆ ಬಣ್ಣದ ಪುಟ ತೆರೆದ. ಮೇಲಿಂದ ಕೆಳಗಿನವರೆಗೂ ಕೆಂಪು.

"ಇದು ಯಾವಾಗ ಹೀಗಾಯ್ತು?"

"ಮೊದಲಿಂದಲೂ ಹೀಗೇ ಇತ್ತಪ್ಪ. ನಾನು ಒರೆಸ್ತಿದ್ದೆ."

ಅಪ್ಪ ಇಳಿಸಿದ್ದ ಶಟರ್ ಕಡೆ ನೋಡಿದ. ಆಚೆ ಬೀದಿಯಲ್ಲಿ ಯಾರೋ ಬೈಕ್ ಒದ್ದು ಸ್ಟಾರ್ಟ್ ಮಾಡುತ್ತಿದ್ದರು.

"ಹೊರಗೂ ಇಷ್ಟೇನಾ?"

ಸುಳ್ಳು ಹೇಳಬಹುದಿತ್ತು. ಸುಳ್ಳು ಹೇಳಿದರೆ ಮತ್ತೆ ಒರೆಸುತ್ತ ಇಲ್ಲೇ ಉಳಿಯಬೇಕಿತ್ತು. "ಹೊರಗೆ ಇನ್ನೂ ಜಾಸ್ತಿ," ಎಂದೆ.

ಅವನು ಆ ಕೆಂಪು ಹೆಸರುಗಳನ್ನು ಮೇಲಿಂದ ಕೆಳಗೆ ಮತ್ತೊಮ್ಮೆ ಓದಿದ. ನನಗೆ ಅಳು ಬಂತು, ಆದರೆ ಹೋಗುವುದು ಹೋಗುವುದೇ ಎಂದು ಗಟ್ಟಿ ಮಾಡಿಕೊಂಡೆ.

"ಗೆದ್ದಿದೀಯ, ಹೋಗು," ಎಂದ ಕೊನೆಗೆ. ಆಮೇಲೆ ನನ್ನ ಮುಖ ನೋಡದೆ ಕೇಳಿದ: "ಜನರ ಹತ್ರ ನೀನು ಏನಂತ ಮಾತು ಶುರು ಮಾಡ್ತೀಯ?"

"ಚೆನ್ನಾಗಿದ್ದೀರಾ ಅಂತ ಕೇಳ್ತೀನಿ."

ಅಪ್ಪ ಗಂಟಲು ಸರಿಮಾಡಿಕೊಂಡ. "ಚೆನ್ನಾಗಿದ್ದೀರಾ," ಎಂದ. ಜಗಳಕ್ಕೆ ಕರೆದ ಹಾಗಿತ್ತು.

"ಇನ್ನೊಂದ್ಸಲ ಹೇಳಪ್ಪ," ಎಂದೆ.